ಉಂಡ ಮೇಲೆ ಕೊಡುವ ಲೈನ್

ಹೊಸ ಯಂತ್ರ ಬಿಸಿಯಾದ ವಾಸನೆ ಬಂದರೆ ಈಗಲೂ ಕಟಕೋಳದ ಟೆಲಿಫೋನ್ ಎಕ್ಸ್‌ಚೇಂಜಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಸೋದರತ್ತೆ ಅಲ್ಲಿ ಕರೆಗಳನ್ನು ಕೈಯಿಂದ ಜೋಡಿಸುವ ಆಪರೇಟರ್ ಆಗಿದ್ದಳು. ಸಾವಿನ ಸುದ್ದಿಯ ಕರೆ ಬಂದರೆ ಮೊದಲು ಅದು ತಲುಪಬೇಕಾದ ಮನೆಯವರನ್ನು, "ಊಟ ಆತೇನ್ರಿ?" ಎಂದು ಕೇಳುತ್ತಿದ್ದಳು. ಆಗದಿದ್ದರೆ ಉಣ್ಣುವವರೆಗೂ ಲೈನ್ ಕೊಡುತ್ತಿರಲಿಲ್ಲ.

ಅಂದು ಇಲಾಖೆಯವರು ನಮ್ಮ ದೇಶದಲ್ಲೇ ತಯಾರಾದ, ತಾನೇ ಕರೆ ಜೋಡಿಸುವ ಯಂತ್ರ ಕೂಡಿಸಿ ಕಾಯಿ ಒಡೆದರು. "ಇನ್ನ ನಡುವ ಯಾರೂ ಬ್ಯಾಡ. ಸೀದಾ ಮನಿಗೇ ಹೋಗತೈತಿ," ಎಂದರು ಸಾಹೇಬರು.

"ಮಂದಿ ಉಂಡಾರೋ ಇಲ್ಲೋ ಅದಕ್ಕ ಹೆಂಗ ಗೊತ್ತಾಗತೈತ್ರಿ?" ಎಂದಳು ಅತ್ತೆ. ಎಲ್ಲರೂ ನಕ್ಕರು. ಕೈಯಲ್ಲಿದ್ದ ಪೇಡೆಯನ್ನು ಅವಳು ತಿನ್ನಲಿಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತೆವು. ಕಬ್ಬಿನ ಲಾರಿ ಹೊಡೆದುಕೊಂಡು ಹೋದ ಅಪ್ಪ ಇನ್ನೂ ಬಂದಿರಲಿಲ್ಲ. ಅವ್ವ ರೊಟ್ಟಿ ಮುರಿಯುವಷ್ಟರಲ್ಲಿ ಗೋಡೆಯ ಗೂಡಿನಲ್ಲಿದ್ದ ಫೋನ್ ಹೊಡೆದುಕೊಳ್ಳತೊಡಗಿತು. ಏಳಹೋದ ಅವ್ವನ ಕೈಯನ್ನು ಅತ್ತೆ ಗಟ್ಟಿಯಾಗಿ ಹಿಡಿದಳು.

"ವೈನಿ, ಮದ್ಲ ಉಣ್ರಿ."