ಯಾರೂ ನೋಡದ ಹೊಡೆತ

"ನಿನ್ನ ಮೊಮ್ಮಗ ಅಂಗಿ ಬೆನ್ನ ಮೇಲೆ ಅಪ್ಪನ ಹೆಸರು ಹೊಲಿಸಿಕೊಂಡ್ರೆ ಸಾಕೇನಜ್ಜಿ? ಬ್ಯಾಟಿಗೂ ಅದು ಗೊತ್ತಾಗಬೇಡ್ವಾ?" ಅಂದ ಕಡಲೆಕಾಯಿ ಮಾರುವ ತಾತೀಕೋ, ಪೊಟ್ಟಣ ಕೈಗಿಡುತ್ತಾ.

ಎರ್ಮಿನಿಯಾ ಅಜ್ಜಿ ಪೊಟ್ಟಣ ಕಿತ್ತುಕೊಂಡಳು. "ನಿನ್ನ ಕಡಲೆಕಾಯಿ ಅರ್ಧ ಜೊಳ್ಳು. ಮೊದಲು ಅದನ್ನ ನೋಡ್ಕೋ ಹೋಗು."

ಬಾಯಿ ಮುಚ್ಚಿಸಿದಳು ನಿಜ, ಮಾತು ಮಾತ್ರ ಎದೆಗೆ ನಾಟಿತ್ತು. ಪಕ್ಕದಲ್ಲಿ ಕೂತ ಮಗ ರಾಡಮೆಸ್ ತನ್ನ ಕಾಲದಲ್ಲಿ ಬೇಲಿ ದಾಟಿಸಿದ ಚೆಂಡುಗಳ ಲೆಕ್ಕ ಸಾನ್ ಪೆದ್ರೋ ಊರಿನ ಮಕ್ಕಳಿಗೂ ಬಾಯಿಪಾಠ. ಮೊಮ್ಮಗ ಯಾದಿಯೆಲ್ ಊರಿನ ಬೇಸ್‌ಬಾಲ್ ತಂಡ ಸೇರಿ ಮೂರು ವಾರ, ಒಂದು ಚೆಂಡೂ ಬೇಲಿ ದಾಟಿರಲಿಲ್ಲ. ಅಪ್ಪನ ಹೆಸರಿನಿಂದ ಒಳಗೆ ಬಂದವನು ಅಂತ ಪತ್ರಿಕೆಯವರು ಬರೆದೂ ಆಗಿತ್ತು. ಇವತ್ತೂ ಹೀಗೇ ಆದರೆ ನಾಳೆಯಿಂದ ಆಟವಿಲ್ಲ, ಬೆಂಚೇ ಗತಿ. ಮಗ ಅಮೆರಿಕದಲ್ಲಿ ಆಡಿದ ಹದಿನೆಂಟು ವರ್ಷವನ್ನೂ ಅಡುಗೆಮನೆಯ ರೇಡಿಯೋ ಮುಂದೆ ಕಳೆದಿದ್ದ ಅಜ್ಜಿ, ಹುಡುಗ ಕರೆದನೆಂದು ಈ ಭಾನುವಾರ ಮೊದಲ ಸಲ ಮೈದಾನಕ್ಕೆ ಬಂದಿದ್ದಳು.

ಏಳನೇ ಇನಿಂಗ್ಸ್, ಬ್ಯಾಟು ಯಾದಿಯೆಲ್ ಕೈಯಲ್ಲಿ. ಎರಡನೇ ಎಸೆತಕ್ಕೇ ಟಕ್ ಎಂದಿತು. ಚೆಂಡು ಬೇಲಿಯಾಚೆ, ತೆಂಗಿನಮರಗಳ ಆಚೆ ಎಲ್ಲೋ ಹೋಯಿತು. ಜನ ಎದ್ದು ಕುಣಿದರು. ತಾತೀಕೋ ಪೊಟ್ಟಣಗಳನ್ನೇ ಮೇಲಕ್ಕೆ ತೂರಿದ. ಯಾದಿಯೆಲ್ ಸುತ್ತು ಓಡಿ ನಾಲ್ಕೂ ಬೇಸ್ ಮುಟ್ಟಿ, ಹಲ್ಲು ಬಿಟ್ಟುಕೊಂಡು, ಎರಡೂ ಕೈ ಚಾಚಿ ತನ್ನ ತಂಡದವರ ಬಳಿಗೆ ಓಡಿದ.

ಒಬ್ಬನೂ ಏಳಲಿಲ್ಲ. ಒಬ್ಬ ಶೂ ದಾರ ಬಿಗಿಯುತ್ತಿದ್ದ, ಇನ್ನೊಬ್ಬ ನೀರು ಕುಡಿಯುತ್ತಿದ್ದ, ತರಬೇತುದಾರ ಆಕಾಶ ನೋಡುತ್ತಿದ್ದ. ಹುಡುಗ ಚಾಚಿದ ಕೈಯನ್ನು ಚಾಚಿಕೊಂಡೇ ಬೆಂಚಿನುದ್ದಕ್ಕೂ ನಡೆದು, ಕೊನೆಗೆ ತಲೆಯೆತ್ತಿ ಅಪ್ಪ ಕೂತ ಕಡೆ ನೋಡಿದ. ರಾಡಮೆಸ್ ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತಿದ್ದ.

ಅಜ್ಜಿ ಎದ್ದೇ ಬಿಟ್ಟಳು. "ಹೊಟ್ಟೆಕಿಚ್ಚಿನ ಮುಂಡೇವು. ಕೆಳಗೆ ಹೋಗಿ ಒಬ್ಬೊಬ್ಬರ ಕಿವಿ ಹಿಂಡಿ ಬರ್ತೀನಿ. ನೀನೂ ಹಾಗೇ ಕೂತಿದ್ದೀಯಲ್ಲೋ, ಅಪ್ಪನೋ ಯಾರೋ ನೀನು?"

"ಕೂತ್ಕೊಳ್ಳಮ್ಮ." ರಾಡಮೆಸ್ ಅವಳ ತೋಳು ಹಿಡಿದ. "ಬೇಲಿ ದಾಟಿಸಿ ಮೊದಲನೇ ಹೋಮ್ ರನ್ ಹೊಡೆದವನನ್ನ ಒಂದೈದು ನಿಮಿಷ ಯಾರೂ ನೋಡಬಾರದು, ಮಾತಾಡಿಸಬಾರದು. ಆಟಗಾರರ ಪದ್ಧತಿ. ನಮ್ಮವನು ಅಂತ ಒಪ್ಪಿಕೊಂಡವನನ್ನ ಮಾತ್ರ ಹೀಗೆ ಸತಾಯಿಸೋದು. ಹೊರಗಿನವನಾದ್ರೆ ಚಪ್ಪಾಳೆ ತಟ್ಟಿ ಸುಮ್ಮನಾಗ್ತಾರೆ."

"ನಿನಗೂ ಹೀಗೇ ಮಾಡಿದ್ರಾ?"

"ಅಳುವೇ ಬಂದಿತ್ತಮ್ಮ."

"ರೇಡಿಯೋದವನು ಇದನ್ನ ಹೇಳಲೇ ಇಲ್ಲ ನೋಡು."

ಅಷ್ಟರಲ್ಲಿ ಇಡೀ ಬೆಂಚು ಹೋ ಎಂದು ಹುಡುಗನ ಮೇಲೆ ಬಿತ್ತು. ಯಾರೋ ನೀರಿನ ಡಬ್ಬವನ್ನೇ ಅವನ ತಲೆಗೆ ಸುರಿದರು. ಅಜ್ಜಿ ಮಗನ ಕಡೆ ತಿರುಗಿದಳು. ಅವನು ಮುಖ ಕದಲಿಸದೆ ಅಗಿಯುತ್ತಿದ್ದ. ಕಾಳು ನೆಲಕ್ಕೆ, ಸಿಪ್ಪೆ ಬಾಯಿಗೆ.

ಸಂಜೆ ಊಟಕ್ಕೆ ಕೂತಾಗ ಅಜ್ಜಿ ಎಲ್ಲರಿಗೂ ಅನ್ನ, ಬೀನ್ಸ್ ಕಾಳು, ಕೋಳಿ ಬಡಿಸಿದಳು. ಯಾದಿಯೆಲ್‌ನ ತಟ್ಟೆ ಖಾಲಿ.

"ಅಜ್ಜೀ, ನನಗೆ?"

ಅಜ್ಜಿ ಅವನ ತಲೆಯ ಹಿಂದಿನ ಗೋಡೆ ನೋಡಿದಳು. "ಯಾರೋ ಮಾತಾಡಿದ ಹಾಗಾಯ್ತಲ್ಲೋ, ರಾಡಮೆಸ್?"

"ಬೆಕ್ಕಿರಬೇಕಮ್ಮ."

ಅವಳು ಒಳಗೆ ಹೋಗಿ ಅನ್ನದ ಪಾತ್ರೆಯನ್ನೇ ಹೊತ್ತು ತಂದಳು. ತಳ ಹಿಡಿದ ಗರಿಗರಿ ಅನ್ನ ಅದರಲ್ಲಿತ್ತು. ಮನೆಮಂದಿಯೆಲ್ಲ ಕಣ್ಣಿಡುವ ಆ ತುಣುಕು ಎಷ್ಟೋ ವರ್ಷದಿಂದ ರಾಡಮೆಸ್‌ನ ಪಾಲು. ಅಭ್ಯಾಸಬಲದಿಂದ ಅವನು ತಟ್ಟೆ ಮುಂದಕ್ಕೆ ಚಾಚಿದ. ಅಜ್ಜಿ ಆ ತಟ್ಟೆ ಕಾಣಿಸಲೇ ಇಲ್ಲವೆಂಬಂತೆ ಮುಂದೆ ಹೋಗಿ, ಪಾತ್ರೆಯನ್ನು ಮೊಮ್ಮಗನ ತಟ್ಟೆಯ ಮೇಲೆ ಬೋರಲು ಹಾಕಿ, ತಳಕ್ಕೆ ಸೌಟಿನಿಂದ ಢಣ್ಣೆಂದು ಒಂದು ಬಾರಿಸಿದಳು.