ಗೇಟಿಗೆ ತಾಗುವ ಕಾಂಕ್ರೀಟು

“ಅಂಚಲ್ಲಿ ಮಾತ್ರ ಅಗಿ. ಮಧ್ಯಕ್ಕೆ ಕೈ ಹಾಕ್ಬೇಡ!” ಗಂಡ ಬಾಗಿಲಲ್ಲೇ ನಿಂತು ಕೂಗಿದ.

ನೆಲ ಅಗೆಯುವ ಮಿನಿ ಹಿಟಾಚಿಯ ಚಾಲಕ ಎಂಜಿನ್ನಿನ ಸದ್ದು ಇಳಿಸಿ ಕತ್ತು ಹೊರಹಾಕಿದ. “ಯಜಮಾನ್ರೇ, ಪೈಪು ಒಡೆದಿರೋದು ಮಧ್ಯದಲ್ಲಿ. ಅಂಚು ಕೆರ್ಕೊಂಡು ಕೂತ್ರೆ ನೀರು ನಿಲ್ಲುತ್ತಾ?”

ಗಂಡ ಒಳಕ್ಕೆ ತಿರುಗಿದ. ಹೆಂಡತಿಯನ್ನು ದುರುಗುಟ್ಟಿ ನೋಡಿದ. ಅವಳು ನೆಲ ಒರೆಸುವ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡುತ್ತ ನಿಂತಿದ್ದಳು. ಹಜಾರದ ತುಂಬ ನೀರು. ಯಂತ್ರ ಕರೆಸಿದವಳು ಅವಳೇ. ಮದುವೆಯಾದ ಮೇಲೆ ಅವನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು.

ಈ ಮನೆಗೆ ಅವಳು ಎರಡನೆಯವಳಾಗಿ ಬಂದವಳು. ಮೊದಲನೆಯವಳು ಕಾಣೆಯಾದ ವಾರವೇ ಗೇಟಿನಿಂದ ಬಾಗಿಲವರೆಗೆ ಈ ಕಾಂಕ್ರೀಟು ಬಿದ್ದಿತ್ತು. ಆ ಮೊದಲನೆಯವಳಿಗೆ ತವರೆಂಬುದಿರಲಿಲ್ಲ, ಹುಡುಕುವವರೂ ಇರಲಿಲ್ಲ. “ಅವಳು ಎಲ್ಲಿಗೂ ಹೋಗಿಲ್ಲ ಕಣಮ್ಮಾ,” ಎಂದು ಪಕ್ಕದ ಮನೆಯ ಅಜ್ಜಿ ಒಮ್ಮೆ ಕಾಂಪೌಂಡಿನಾಚೆಯಿಂದ ಪಿಸುಗುಟ್ಟಿ, ಕಣ್ಣಲ್ಲೇ ನೆಲ ತೋರಿಸಿದ್ದಳು. ಬೀದಿಗೆ ಬೀದಿಯೇ ಹಾಗೆ ನಂಬಿತ್ತು. ಗಂಡ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಅವಳು ಸ್ವಲ್ಪ ದನಿ ಏರಿಸಿದರೆ ಸಾಕು, ಅವನು ಕಿಟಕಿಯಾಚೆ ಆ ಕಾಂಕ್ರೀಟನ್ನು ನೋಡುತ್ತಿದ್ದ. “ಮೊದಲನೆಯವಳೂ ಹೀಗೇ ಎದುರಾಡ್ತಿದ್ಲು.”

ಅಷ್ಟೇ. ಅಷ್ಟಕ್ಕೇ ಅವಳು ಹೊಲಿಗೆ ಅಂಗಡಿಯ ಕೆಲಸ ಬಿಟ್ಟಳು. ತಂಗಿಯ ಮನೆಗೆ ಹೋಗುವುದನ್ನು ಬಿಟ್ಟಳು. ತಟ್ಟೆಯ ಮೇಲೆ ಚಮಚ ಇಡುವಾಗಲೂ ಸದ್ದಾಗದಂತೆ ನೋಡಿಕೊಂಡಳು. ತರಕಾರಿಗೆಂದು ಹೊರಟರೆ ಗೋಡೆಯ ಪಕ್ಕದಲ್ಲೇ ನಡೆಯುತ್ತಿದ್ದಳು. ಕಾಂಕ್ರೀಟಿನ ನಟ್ಟನಡುವೆ ಒಮ್ಮೆಯೂ ಕಾಲಿಟ್ಟವಳಲ್ಲ. ಗೇಟೂ ಅಷ್ಟೆ, ನೆಲಕ್ಕೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಮೈ ಹಿಡಿಮಾಡಿಕೊಂಡು ನುಸುಳಬೇಕು.

“ನಿಧಿ ಗಿಧಿ ಸಿಕ್ರೆ ಅರ್ಧ ನಂದು ಅಕ್ಕಾ,” ಚಾಲಕ ನಕ್ಕ.

“ಏನು ಸಿಕ್ರೂ ಮುಟ್ಬೇಡ. ನನ್ನ ಕರಿ.”

ಒದ್ದೆ ಬಟ್ಟೆಯ ಮರೆಯಲ್ಲಿ ಮೊಬೈಲಿತ್ತು. ಪೊಲೀಸರ ನಂಬರು ಒತ್ತಿಟ್ಟಿದ್ದಳು. ಹಸಿರು ಗುಂಡಿಯೊಂದೇ ಬಾಕಿ.

ಬಕೆಟ್ಟಿನ ಹಲ್ಲು ಸಂದಿಗೆ ಇಳಿಯಿತು. ಯಂತ್ರ ಮುಲುಕಿತು. ಕಾಂಕ್ರೀಟಿನ ಅಗಲವಾದ ಹೊದಿಕೆ ಪುಸ್ತಕದ ರಟ್ಟಿನಂತೆ ಇಡಿಯಾಗಿ ಮೇಲೆದ್ದಿತು. ಚಾಲಕ ತಟ್ಟನೆ ಕೈ ತಡೆದ.

“ಇದೇನಿದು, ಒಂದರ ಮೇಲೊಂದು ಎರಡು ಸಲ ಹಾಕ್ಸಿದ್ದೀರಲ್ಲ! ಅದಕ್ಕೇ ನಿಮ್ಮ ಗೇಟು ತಾಗೋದು.” ಕೆಳಗಿಳಿದು ಬಗ್ಗಿ ನೋಡಿದವನ ದನಿ ಬದಲಾಯಿತು. “ಅಕ್ಕಾ, ಸ್ವಲ್ಪ ಬನ್ನಿ ಇಲ್ಲಿ.”

ಅವಳಿಗಿಂತ ಮುಂಚೆ ಗಂಡ ಬರಿಗಾಲಲ್ಲಿ ಓಡಿಬಂದ. “ಪುಡಿ ಮಾಡೋ ಅದನ್ನ! ಮೊದ್ಲು ಪುಡಿ ಮಾಡು! ನಾಲ್ಕು ಜನ ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

ಅವಳು ಅವನ ಮುಖ ನೋಡಿದಳು. ಬೀದಿಯವರೆಲ್ಲ ಇಷ್ಟು ವರ್ಷ ಅವನನ್ನು ಕೊಲೆಗಾರನೆಂದುಕೊಂಡಾಗ ಹೋಗದಿದ್ದ ಮರ್ಯಾದೆ.

ಬಗ್ಗಿದಳು. ಹಸಿಯಿದ್ದಾಗ ತುಳಿದ ಕೆಳಗಿನ ಪದರದಲ್ಲಿ ಹೆಂಗಸಿನ ಬರಿಗಾಲಿನ ಗುರುತುಗಳು. ಒಂದು ಕಾಲು ತುಸು ಹೆಚ್ಚು ಹೂತಿತ್ತು, ಆ ಬದಿಯ ಕೈಯಲ್ಲಿ ಭಾರವಿದ್ದಂತೆ. ಗೇಟಿನ ಬಳಿ ಚೌಕದ ಅಚ್ಚು. ಚಿಲಕ ತೆಗೆಯಲು ಸೂಟ್‌ಕೇಸನ್ನು ಒಂದು ಕ್ಷಣ ಕೆಳಗಿಟ್ಟಿರಬೇಕು.

ಅವಳ ಬೆರಳು ಹಸಿರು ಗುಂಡಿಯಿಂದ ಜಾರಿತು.

ಹೆಜ್ಜೆಗಳೆಲ್ಲ ಗೇಟಿನ ಕಡೆಗೇ ಮುಖ ಮಾಡಿದ್ದವು; ಹಿಂದಿರುಗಿ ಬಂದದ್ದು ಒಂದೂ ಇರಲಿಲ್ಲ.