ಅವ್ವನ ಕ್ಯಾಸೆಟ್ಟು

ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾಕಾ ಗಂಗಾವತಿಯ ಅಂಗಡಿಯಲ್ಲಿ ಕ್ಯಾಸೆಟ್ಟೊಂದಕ್ಕೆ ‘ಸೂಪರ್ ಹಿಟ್ಸ್’ ತುಂಬಿಸಿಕೊಂಡು ಬಂದಿದ್ದ. ಅದು ಅವ್ವನ ಕ್ಯಾಸೆಟ್ಟು. ತೀರಿಕೊಳ್ಳುವ ಮುಂಚೆ ಅವಳು ಹಾಡಿದ್ದ ಬೀಸುಕಲ್ಲಿನ ಪದಗಳು ಅದರಲ್ಲಿದ್ದವು. ಯಾರೂ ಅಳಿಸಬಾರದೆಂದು ಅಪ್ಪ ಅದರ ಮೂಲೆಯ ಪ್ಲಾಸ್ಟಿಕ್ ಚೂರು ಮುರಿದಿಟ್ಟಿದ್ದ. ಅಂಗಡಿಯವನು ಆ ತೂತಿಗೆ ಕಾಗದ ತುರುಕಿ ರೆಕಾರ್ಡ್ ಮಾಡಿಕೊಟ್ಟಿದ್ದ.

“ಮ್ಯಾಲ ಏನೂ ಬರೆದಿದ್ದಿಲ್ಲಣ್ಣಾ. ಖಾಲಿ ಐತಿ ಅನಕೊಂಡ್ನಿ,” ಎಂದ ಕಾಕಾ.

“ಇವೇ ಹಾಡು ಮನ್ಯಾಗ ನಾಕು ಕ್ಯಾಸೆಟ್‌ನ್ಯಾಗ ಅದಾವಲ್ಲೋ ತಮ್ಮಾ,” ಎಂದ ಅಪ್ಪ. ದನಿ ಏರಲಿಲ್ಲ.

‘ಎವರ್‌ಗ್ರೀನ್’, ‘ಗೋಲ್ಡನ್’ ಎಂದು ಹೆಸರು ಬೇರೆಯಾದರೂ ಎಲ್ಲದರಲ್ಲೂ ಅವೇ ಹಾಡು. ಅಪ್ಪ ಅವ್ವನ ಕ್ಯಾಸೆಟ್ಟು ಹಾಕಿ ಅವನ್ನೆಲ್ಲ ಕೊನೆತನಕ ಕೇಳುತ್ತ ಕೂತ. ಹಿಟ್ಸ್ ಮುಗಿದವು. ಉಳಿದಿದ್ದ ತುಸು ರೀಲಿನಲ್ಲಿ ಅವ್ವ ನಾಚಿಕೊಂಡು ಹೇಳಿದಳು:

“ಸಾಕ್ರಿ, ಇನ್ನ ಬಂದ್ ಮಾಡ್ರಿ.”